ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸಿಂಥೆಟಿಕ್ ಎಣ್ಣೆ: ಯಾವ ಕಾರಿಗೆ, ಯಾವಾಗ, ಹೇಗೆ

ಆಟೋಮ್ಯಾಟಿಕ್ ಕಾರು ಕೊಂಡು ಏಳೆಂಟು ವರ್ಷವಾದವರಿಗೆ ಒಂದಲ್ಲ ಒಂದು ದಿನ ಸರ್ವಿಸ್ ಸೆಂಟರಿನಲ್ಲೋ ಆಯಿಲ್ ಅಂಗಡಿಯಲ್ಲೋ ಈ ಪ್ರಶ್ನೆ ಎದುರಾಗುತ್ತದೆ: ಗೇರ್‌ಬಾಕ್ಸಿನ ಎಣ್ಣೆ ಬದಲಿಸುವಾಗ ಮೊದಲಿದ್ದ ಮಿನರಲ್ ಎಣ್ಣೆಯನ್ನೇ ಹಾಕಿಸಬೇಕೋ, ಸಿಂಥೆಟಿಕ್ ಹಾಕಿಸಬೇಕೋ? ಎಂಜಿನ್ ಆಯಿಲಿನ ಆಯ್ಕೆಯಲ್ಲಿ ಸ್ವಲ್ಪ ಎಡವಿದರೂ ಮುಂದಿನ ಸರ್ವಿಸಿನಲ್ಲಿ ಸರಿಪಡಿಸಿಕೊಳ್ಳಬಹುದು, ಏಕೆಂದರೆ ಹಳೆಯ ಎಣ್ಣೆ ಬಹುಮಟ್ಟಿಗೆ ಪೂರ್ತಿ ಹೊರಗೆ ಬರುತ್ತದೆ. ಗೇರ್‌ಬಾಕ್ಸಿನಲ್ಲಿ ಹಾಗಾಗುವುದಿಲ್ಲ. ಒಮ್ಮೆ ಒಳಗೆ ಹೋದ ತಪ್ಪು ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು, ಬೋಲ್ಟು ಬಿಚ್ಚಿ ಬಸಿದರೂ, ಟಾರ್ಕ್ ಕನ್ವರ್ಟರಿನಲ್ಲಿ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಭಾಗ) ಮತ್ತು ಎಣ್ಣೆ ತಣಿಸುವ ಕೂಲರಿನ ಕೊಳವೆಗಳಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಈ ಆಯ್ಕೆಯನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಮಾಡಬಾರದು. ಮನೆಯಲ್ಲಿ ಕಾರಿನ ಮ್ಯಾನ್ಯುಯಲ್ ಪುಸ್ತಕ ತೆರೆದಿಟ್ಟುಕೊಂಡು ಮಾಡಬೇಕು.

ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು. ಮಿನರಲ್ಲೋ ಸಿಂಥೆಟಿಕ್ಕೋ ಎಂಬುದು ಎರಡನೆಯ ಪ್ರಶ್ನೆ. ನಿಮ್ಮ ಗೇರ್‌ಬಾಕ್ಸ್ ಯಾವ ಸ್ಪೆಸಿಫಿಕೇಶನ್, ಅಂದರೆ ತಯಾರಕರು ಗೊತ್ತುಪಡಿಸಿದ ಯಾವ ಮಾನದಂಡದ ಎಣ್ಣೆ, ಕೇಳುತ್ತದೆ ಎಂಬುದು ಮೊದಲನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎಷ್ಟೋ ಕಾರುಗಳ ಮಟ್ಟಿಗೆ ಎರಡನೆಯದು ಉಳಿಯುವುದೇ ಇಲ್ಲ. ಉಳಿಯುವುದು ಹಳೆಯ ನಾಲ್ಕು ಮತ್ತು ಐದು ಗೇರಿನ ಟಾರ್ಕ್ ಕನ್ವರ್ಟರ್ ಕಾರುಗಳಿಗೆ ಮಾತ್ರ, ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಅವುಗಳ ಕುರಿತೇ ಇದೆ.

ನಿಮ್ಮ ಕಾರಿನ ಆಟೋಮ್ಯಾಟಿಕ್ ಯಾವ ಬಗೆಯದು

ಕ್ಲಚ್ ಪೆಡಲ್ ಇಲ್ಲದ ಕಾರನ್ನೆಲ್ಲ ನಾವು ಆಟೋಮ್ಯಾಟಿಕ್ ಎನ್ನುತ್ತೇವೆ, ಆದರೆ ಒಳಗಿನ ಯಂತ್ರ ನಾಲ್ಕು ಬಗೆಯದಾಗಿರಬಹುದು ಮತ್ತು ನಾಲ್ಕಕ್ಕೂ ಎಣ್ಣೆ ಬೇರೆ.

2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಭಾರತಕ್ಕೆ ಬಂದ ಎಎಂಟಿ, ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಮಾತ್ರ ಒಂದು ಯಾಂತ್ರಿಕ ಕೈ ಮಾಡುತ್ತದೆ. ಅದರೊಳಗೆ ಇರುವುದು ಮ್ಯಾನ್ಯುಯಲ್ ಗೇರ್ ಆಯಿಲ್, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಅಲ್ಲ. ಗೇರ್ ಹಾಕುವ ಆ ವ್ಯವಸ್ಥೆ ಹೈಡ್ರಾಲಿಕ್ ಆಗಿದ್ದರೆ ಅದಕ್ಕೆ ಬೇರೆಯೇ ದ್ರವ ಇರುತ್ತದೆ. ಎಎಂಟಿ ಕಾರಿನವರು ಸಿಂಥೆಟಿಕ್ ಗೇರ್ ಆಯಿಲ್ ಹಾಕಿಸಬಹುದು, ತೊಂದರೆಯಿಲ್ಲ. ಆದರೆ ಮ್ಯಾನ್ಯುಯಲ್ ಪುಸ್ತಕದಲ್ಲಿ ಜಿಎಲ್-4 ಎಂಬ ಗೇರ್ ಆಯಿಲ್ ದರ್ಜೆ ಬರೆದಿರುವಲ್ಲಿ ಜಿಎಲ್-5 ಹಾಕಿಸಬಾರದು. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆ ಹೆಚ್ಚು. ಹಿತ್ತಾಳೆಯಂಥ ಹಳದಿ ಲೋಹದ ಸಿಂಕ್ರೊ ರಿಂಗುಗಳಿಗೆ (ಗೇರ್ ಬೀಳುವಾಗ ವೇಗ ಹೊಂದಿಸುವ ಬಳೆಗಳು) ಅದು ಹಿತವಲ್ಲ, ರಿಂಗು ಹಿಡಿಯಬೇಕಾದ ಕಡೆ ಜಾರುವಂತೆಯೂ ಮಾಡುತ್ತದೆ.

ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು ಓಡುತ್ತದೆ, ಶಕ್ತಿಯೆಲ್ಲ ಸಾಗುವುದು ಆ ಬೆಲ್ಟು ಮತ್ತು ಪುಲ್ಲಿ ಪರಸ್ಪರ ಹಿಡಿದುಕೊಳ್ಳುವುದರಿಂದ. ಎಣ್ಣೆ ನುಣುಪಾಗಿದ್ದರೆ ಸಾಲದು, ಉಕ್ಕಿಗೆ ಉಕ್ಕು ಜಾರದಂತೆಯೂ ನೋಡಿಕೊಳ್ಳಬೇಕು. ಇಲ್ಲಿಗೆ ಸಾಮಾನ್ಯ ಎಟಿಎಫ್ ಹಾಕಿದರೆ, ಅದು ಎಷ್ಟೇ ಉತ್ತಮ ಸಿಂಥೆಟಿಕ್ ಆಗಿದ್ದರೂ, ಬೆಲ್ಟು ಜಾರಿ ಪುಲ್ಲಿಯ ಮೈ ಗೀಚಿಹೋಗುತ್ತದೆ. ಸಿವಿಟಿ ಎಣ್ಣೆಗಳು ಪರಸ್ಪರವೂ ಹೊಂದುವುದಿಲ್ಲ ಎಂಬುದಕ್ಕೆ ಹೋಂಡಾದ ಉದಾಹರಣೆಯೇ ಸಾಕು: ಎಚ್‌ಎಂಎಂಎಫ್ ಎಂಬ ಎಣ್ಣೆ ಕೇಳುವ ಹಳೆಯ ಸಿವಿಟಿಗೆ ನಂತರ ಬಂದ ಎಚ್‌ಸಿಎಫ್-2 ಹಾಕಬಾರದೆಂದು ಆ ಕಂಪನಿಯೇ ಹೇಳಿದೆ. ಹೊಸದೆಲ್ಲ ಹಳೆಯದಕ್ಕೂ ಒಗ್ಗುತ್ತದೆ ಎಂಬ ನಂಬಿಕೆ ಗೇರ್‌ಬಾಕ್ಸಿನ ಲೋಕದಲ್ಲಿ ನಡೆಯುವುದಿಲ್ಲ. ಸಿವಿಟಿ ಕಾರಿನವರಿಗೆ ನನ್ನ ಸಲಹೆ ಒಂದೇ ಸಾಲಿನದು: ತಯಾರಕರ ಹೆಸರಿನ ಡಬ್ಬಿಯ ಹೊರತು ಬೇರೇನನ್ನೂ ಹಾಕಿಸಬೇಡಿ.

ಎರಡು ಕ್ಲಚ್ಚುಗಳ ಡಿಸಿಟಿಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಬಗೆಯೊಂದು, ಒಣ ಬಗೆಯೊಂದು. ಮುಳುಗಿದ ಬಗೆಗೆ ಅದರದೇ ವಿಶೇಷ ಎಣ್ಣೆ ಬೇಕು, ಅದನ್ನು ಕಾಲಕಾಲಕ್ಕೆ ಬದಲಿಸಲೂ ಬೇಕು. ಫೋಕ್ಸ್‌ವ್ಯಾಗನ್‌ನ ಆರು ಗೇರಿನ ಡಿಎಸ್‌ಜಿಗೆ (ಡಿಸಿಟಿಗೆ ಆ ಕಂಪನಿ ಇಟ್ಟ ಹೆಸರು) 60,000 ಕಿಲೋಮೀಟರಿನ ಅವಧಿ ಗೊತ್ತುಪಡಿಸಲಾಗಿದೆ. ಒಣ ಬಗೆಯ ಕಥೆಯನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಸಿಂಥೆಟಿಕ್ ಕುರಿತ ಚರ್ಚೆಯಲ್ಲಿ ಎಲ್ಲರೂ ಓದಬೇಕಾದ ಪಾಠ ಅಲ್ಲಿದೆ.

ಇನ್ನುಳಿದದ್ದು ಟಾರ್ಕ್ ಕನ್ವರ್ಟರ್. ಇಲ್ಲಿಯೂ ಎರಡು ತಲೆಮಾರುಗಳಿವೆ. ಸುಮಾರು 2005ರ ನಂತರ ರೂಪುಗೊಂಡ ಆರು, ಎಂಟು, ಹತ್ತು ಗೇರಿನ ಪೆಟ್ಟಿಗೆಗಳು ಹುಟ್ಟಿನಿಂದಲೇ ತೆಳುವಾದ, ಸಿಂಥೆಟಿಕ್ ಅಥವಾ ಅದಕ್ಕೆ ಸಮೀಪದ ಎಣ್ಣೆಯಲ್ಲಿ ಓಡುತ್ತವೆ. ಟೊಯೊಟಾದ ಡಬ್ಲ್ಯುಎಸ್, ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್-6, ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್‌ನ ಲೈಫ್‌ಗಾರ್ಡ್ ಸರಣಿ ಈ ಗುಂಪಿನವು. ಇನೋವಾ ಕ್ರಿಸ್ಟಾದ ಆರು ಗೇರಿನ ಆಟೋಮ್ಯಾಟಿಕ್ ಇರುವವರು ಸಿಂಥೆಟಿಕ್‌ಗೆ ಬದಲಾಗಬೇಕೇ ಎಂದು ಕೇಳಿದರೆ, ಪ್ರತ್ಯೇಕವಾಗಿ ಬದಲಾಗುವಂಥದ್ದೇನೂ ಉಳಿದಿಲ್ಲ ಎಂಬುದೇ ಉತ್ತರ. ಡಬ್ಲ್ಯುಎಸ್ ಎಣ್ಣೆಯನ್ನೇ ಹೊಸದಾಗಿ ತುಂಬಿಸಿದರೆ ಸಾಕು.

ಈ ಎಣ್ಣೆಯ ಕೆಲಸವೇ ಬೇರೆ

ಎಂಜಿನ್ ಆಯಿಲಿಗೆ ಮುಖ್ಯ ಕೆಲಸ ಸವೆತ ತಡೆಯುವುದು. ಎಟಿಎಫ್ ಸವೆತ ತಡೆಯುವುದರ ಜೊತೆಗೆ ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸಬೇಕು, ವಾಲ್ವ್ ಬಾಡಿಯಲ್ಲಿ (ಎಣ್ಣೆಯ ಹರಿವನ್ನು ನಿಯಂತ್ರಿಸುವ ಕವಾಟಗಳ ಭಾಗ) ಒತ್ತಡವಾಗಿ ಗೇರ್ ಬದಲಿಸಬೇಕು, ಬಿಸಿಯನ್ನು ಕೂಲರಿಗೆ ಹೊತ್ತೊಯ್ಯಬೇಕು. ಇವೆಲ್ಲಕ್ಕಿಂತ ನಾಜೂಕಾದದ್ದು ಕ್ಲಚ್ ಪ್ಲೇಟುಗಳ ವಿಷಯ. ಪ್ಲೇಟುಗಳು ಒಂದನ್ನೊಂದು ಹಿಡಿಯುವ ಕ್ಷಣದಲ್ಲಿ ಎಷ್ಟು ಜಾರಬೇಕು, ಎಷ್ಟು ಬೇಗ ಕಚ್ಚಿಕೊಳ್ಳಬೇಕು ಎಂಬುದನ್ನು ಎಣ್ಣೆಯಲ್ಲಿರುವ ಘರ್ಷಣೆ ನಿಯಂತ್ರಕಗಳು ನಿರ್ಧರಿಸುತ್ತವೆ. ಅವು ಹೆಚ್ಚಾದರೆ ಕ್ಲಚ್ ಜಾರಿ ಸುಡುತ್ತದೆ, ಕಡಿಮೆಯಾದರೆ ಗೇರ್ ಬೀಳುವಾಗ ಒದೆತ ಬರುತ್ತದೆ, ಲಾಕಪ್ ಕ್ಲಚ್ (ಟಾರ್ಕ್ ಕನ್ವರ್ಟರಿನ ಎರಡು ಬದಿಗಳನ್ನು ನೇರವಾಗಿ ಜೋಡಿಸುವ ಕ್ಲಚ್) ಕೂಡುವಾಗ ಕಾರು ಒರಟು ಪಟ್ಟಿಗಳ ಮೇಲೆ ಓಡಿದಂತೆ ಅದುರುತ್ತದೆ.

ಈ ಸೇರ್ಪಡೆಗಳ ಮಹತ್ವವನ್ನು ಚರಿತ್ರೆಯೇ ತೋರಿಸಿಕೊಟ್ಟಿದೆ. ಜನರಲ್ ಮೋಟಾರ್ಸ್ 1949ರಲ್ಲಿ ಟೈಪ್ ಎ ಎಂಬ ಹೆಸರಿನಲ್ಲಿ ಎಟಿಎಫ್‌ಗೆ ಮಾನದಂಡ ಹಾಕಿಕೊಟ್ಟಿತು, 1960ರ ದಶಕದ ಕೊನೆಯಲ್ಲಿ ಡೆಕ್ಸ್‌ರಾನ್ ಬಂತು. ಆ ಕಾಲದ ಎಣ್ಣೆಗಳಲ್ಲಿ ಘರ್ಷಣೆ ನಿಯಂತ್ರಕವಾಗಿ ಬಳಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರ ದಶಕದ ಆರಂಭದಲ್ಲಿ ಅಳಿವಿನಂಚಿನ ಜೀವಿಗಳನ್ನು ಉಳಿಸಲು ಅಮೆರಿಕ ಅದನ್ನು ನಿಷೇಧಿಸಿದಾಗ ಉದ್ಯಮ ಬದಲಿ ರಾಸಾಯನಿಕಗಳಿಗಾಗಿ ಪರದಾಡಿತು. ಡೆಕ್ಸ್‌ರಾನ್-2 ರೂಪುಗೊಂಡದ್ದು ಆ ಹಿನ್ನೆಲೆಯಲ್ಲಿ. ಮೂಲ ಎಣ್ಣೆ ಅದೇ ಇದ್ದರೂ ಸಣ್ಣ ಪ್ರಮಾಣದ ಒಂದು ಸೇರ್ಪಡೆ ತಪ್ಪಿಹೋದದ್ದಕ್ಕೆ ಇಷ್ಟು ಕಷ್ಟವಾಯಿತೆಂದರೆ, ಡಬ್ಬಿಯ ಮೇಲಿನ ಸಿಂಥೆಟಿಕ್ ಎಂಬ ಪದಕ್ಕಿಂತ ಅದರ ಹಿಂಬದಿಯ ಸ್ಪೆಸಿಫಿಕೇಶನ್ ಸಾಲು ಏಕೆ ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಸಿಂಥೆಟಿಕ್ ಎಂದರೆ ಏನು

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮೂಲ ಎಣ್ಣೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಒಂದು ಮತ್ತು ಎರಡನೆಯ ಗುಂಪು ಕಚ್ಚಾತೈಲದಿಂದ ಶುದ್ಧೀಕರಿಸಿದ ಮಿನರಲ್ ಎಣ್ಣೆಗಳು. ಮೂರನೆಯ ಗುಂಪೂ ಕಚ್ಚಾತೈಲದಿಂದಲೇ ಬರುತ್ತದೆ. ಆದರೆ ಹೈಡ್ರೋಜನ್ ಜೊತೆ ಹೆಚ್ಚಿನ ಒತ್ತಡದಲ್ಲಿ ಸಂಸ್ಕರಿಸಿ ಅದರ ಅಣುಗಳನ್ನೇ ಬಹುಮಟ್ಟಿಗೆ ಮರುರೂಪಿಸಿರುತ್ತಾರೆ, ಮತ್ತು ಅದರ ವಿಸ್ಕಾಸಿಟಿ ಇಂಡೆಕ್ಸ್ (ಬಿಸಿ ಏರಿದರೂ ಎಣ್ಣೆ ತನ್ನ ದಪ್ಪವನ್ನು ಎಷ್ಟು ಕಾಯ್ದುಕೊಳ್ಳುತ್ತದೆ ಎಂಬುದರ ಅಳತೆ) 120 ಅಥವಾ ಅದಕ್ಕಿಂತ ಹೆಚ್ಚಿರಬೇಕು. ನಾಲ್ಕನೆಯ ಗುಂಪು ಪಿಎಒ, ಅಂದರೆ ಕಾರ್ಖಾನೆಯಲ್ಲಿ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ್ದು. ಎಸ್ಟರ್ ಮೊದಲಾದವು ಐದನೆಯದು.

ಮೂರನೆಯ ಗುಂಪನ್ನು ಸಿಂಥೆಟಿಕ್ ಎನ್ನಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ಜಾಹೀರಾತಿನ ವಿವಾದ ನಡೆಯಿತು. ಜಾಹೀರಾತುಗಳನ್ನು ಪರಿಶೀಲಿಸುವ ಅಲ್ಲಿನ ಸಂಸ್ಥೆ 1999ರಲ್ಲಿ ಹಾಗೆ ಕರೆಯಬಹುದೆಂದು ಹೇಳಿತು. ಅಂದಿನಿಂದ ಮಾರುಕಟ್ಟೆಯಲ್ಲಿ ಸಿಂಥೆಟಿಕ್ ಎಂದು ಮಾರಾಟವಾಗುವ ಎಣ್ಣೆಗಳಲ್ಲಿ ಹೆಚ್ಚಿನವು ಮೂರನೆಯ ಗುಂಪಿನವು. ಇದನ್ನು ಮೋಸವೆಂದು ನಾನು ಭಾವಿಸುವುದಿಲ್ಲ. ಕಾರಿನ ಗೇರ್‌ಬಾಕ್ಸಿನ ಮಟ್ಟಿಗೆ ಒಳ್ಳೆಯ ಮೂರನೆಯ ಗುಂಪಿನ ಎಣ್ಣೆಗೂ ಪಿಎಒಗೂ ಇರುವ ಅಂತರ ಕಡಿಮೆ. ಸರಿಯಾದ ಸೇರ್ಪಡೆಗೂ ತಪ್ಪು ಸೇರ್ಪಡೆಗೂ ಇರುವ ಅಂತರ ಬಹಳ ದೊಡ್ಡದು. ಡಬ್ಬಿಯಲ್ಲಿರುವುದು ಪಿಎಒ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಹಳೆಯ ನಾಲ್ಕು, ಐದು ಗೇರಿನ ಕಾರಿಗೆ ಇರುವ ಮೂರು ದಾರಿಗಳು

ಮೊದಲ ದಾರಿ, ಕಾರು ಹುಟ್ಟಿದಾಗ ಇದ್ದ ಸ್ಪೆಸಿಫಿಕೇಶನ್ನಿನ ಎಣ್ಣೆಯನ್ನೇ ಮುಂದುವರಿಸುವುದು. ಹ್ಯುಂಡೈನ ಹಳೆಯ ನಾಲ್ಕು ಗೇರಿನ ಕಾರುಗಳಿಗೆ ಎಸ್‌ಪಿ-3, ಟೊಯೊಟಾದ ಹಳೆಯ ಕಾರುಗಳಿಗೆ ಟೈಪ್ ಟಿ-4, ಇನ್ನೂ ಹಲವಕ್ಕೆ ಡೆಕ್ಸ್‌ರಾನ್-3 ಮಟ್ಟದ ಎಣ್ಣೆ. ಡಬ್ಬಿಯ ಮೇಲೆ ಇವು ರೋಮನ್ ಅಂಕಿಗಳಲ್ಲಿರುತ್ತವೆ (III, IV ಹೀಗೆ), ಮೂರಕ್ಕೂ ನಾಲ್ಕಕ್ಕೂ ಗೊಂದಲವಾಗುವ ಸಂಭವವಿದೆ; ಎಸ್‌ಪಿ-3 ಮತ್ತು ಎಸ್‌ಪಿ-4 ಎರಡು ಬೇರೆ ಬೇರೆ ತಲೆಮಾರಿನ ಗೇರ್‌ಬಾಕ್ಸುಗಳ ಎಣ್ಣೆಗಳೆಂಬುದನ್ನು ಗಮನದಲ್ಲಿಡಿ. ಈ ದಾರಿಯ ಗುಣ, ಘರ್ಷಣೆಯ ನಡವಳಿಕೆ ತಯಾರಕರು ಉದ್ದೇಶಿಸಿದಂತೆಯೇ ಇರುತ್ತದೆ. ದೋಷವೆಂದರೆ, ಬಿಸಿಯಲ್ಲಿ ಇದು ಬೇಗ ಹಳಸುತ್ತದೆ, ಹಾಗಾಗಿ ಬೇಗ ಬದಲಿಸಬೇಕಾಗುತ್ತದೆ.

ಎರಡನೆಯ ದಾರಿ, ತಯಾರಕರೇ ಹಳೆಯ ಎಣ್ಣೆಯ ಬದಲಿಗೆ ಹೊರತಂದ ಹೊಸ ಎಣ್ಣೆ. ಹೋಂಡಾ ತನ್ನ ಝಡ್-1 ಎಣ್ಣೆಯನ್ನು ನಿಲ್ಲಿಸಿ ಡಿಡಬ್ಲ್ಯು-1 ತಂದಾಗ, ಮೊದಲು ಝಡ್-1 ಬಳಸುತ್ತಿದ್ದ ಗೇರ್‌ಬಾಕ್ಸುಗಳಿಗೂ ಅದನ್ನೇ ಸೂಚಿಸಿತು. ನಮ್ಮಲ್ಲಿ 2008ರ ಆಸುಪಾಸಿನಿಂದ 2013ರವರೆಗೆ ಮಾರಾಟವಾದ ಹೋಂಡಾ ಸಿಟಿಯ ಐದು ಗೇರಿನ ಆಟೋಮ್ಯಾಟಿಕ್ ಇಟ್ಟುಕೊಂಡವರು ನಿಶ್ಚಿಂತೆಯಿಂದ ಈ ದಾರಿಯಲ್ಲಿ ಹೋಗಬಹುದು. ಜನರಲ್ ಮೋಟಾರ್ಸ್ ಡೆಕ್ಸ್‌ರಾನ್-6 ತಂದಾಗ ಅದನ್ನು ಡೆಕ್ಸ್‌ರಾನ್-3ರ ಜಾಗದಲ್ಲೂ ಬಳಸಬಹುದೆಂದು ಹೇಳಿತು ಮತ್ತು ಹಳೆಯದಕ್ಕೆ ಪರವಾನಗಿ ಕೊಡುವುದನ್ನು 2006ರ ಕೊನೆಗೆ ನಿಲ್ಲಿಸಿತು. ಇಂದು ಅಂಗಡಿಯಲ್ಲಿ ಸಿಗುವ ಡೆಕ್ಸ್‌ರಾನ್-3 ಹೆಸರಿನ ಎಣ್ಣೆಗೆ ಆ ಕಂಪನಿಯ ಮುದ್ರೆ ಇಲ್ಲ. ತಯಾರಿಸಿದವರ ಮಾತನ್ನಷ್ಟೇ ನಂಬಬೇಕು. ಇನ್ನೊಂದು ಸೂಕ್ಷ್ಮ ಇಲ್ಲಿದೆ. ಡೆಕ್ಸ್‌ರಾನ್-6 ಹೊಸದಿದ್ದಾಗಲೇ ಹಳೆಯದಕ್ಕಿಂತ ತೆಳು, 100 ಡಿಗ್ರಿಯಲ್ಲಿ ಅದರ ದಪ್ಪ 6.4 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಮೀರಬಾರದೆಂಬ ನಿಯಮವಿದೆ. ಆದರೆ ಡೆಕ್ಸ್‌ರಾನ್-3 ದಪ್ಪವಾಗಿ ಹುಟ್ಟಿ ಗೇರುಗಳ ನಡುವೆ ಅರೆದು ಅರೆದು ಬೇಗ ತೆಳುವಾಗುತ್ತದೆ, ಡೆಕ್ಸ್‌ರಾನ್-6 ಇದ್ದ ಮಟ್ಟವನ್ನೇ ಬಹುಕಾಲ ಕಾಯ್ದುಕೊಳ್ಳುತ್ತದೆ. ತೆಳು ಎಂದ ಮಾತ್ರಕ್ಕೆ ದುರ್ಬಲವೆಂದು ತಿಳಿಯಬಾರದು. ಹಾಗೆಂದು ಜನರಲ್ ಮೋಟಾರ್ಸ್ ತನ್ನ ಪೆಟ್ಟಿಗೆಗಳಿಗೆ ಕೊಟ್ಟ ಈ ಭರವಸೆ ಬೇರೆ ಕಂಪನಿಯವರ ಪೆಟ್ಟಿಗೆಗೆ ತಾನಾಗಿ ಅನ್ವಯಿಸುವುದೂ ಇಲ್ಲ. ಟೊಯೊಟಾ ಟಿ-4 ಮತ್ತು ಡಬ್ಲ್ಯುಎಸ್‌ಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಟಿ-4 ಕೇಳುವ ಕಾರಿಗೆ ಡಬ್ಲ್ಯುಎಸ್ ಸುರಿಯುವುದು ಮೇಲ್ದರ್ಜೆಗೇರಿಸಿದಂತಲ್ಲ.

ಮೂರನೆಯ ದಾರಿ, ಅನೇಕ ಕಾರುಗಳಿಗೆ ಹೊಂದುತ್ತದೆ ಎಂದು ಬರೆದಿರುವ ಪೂರ್ಣ ಸಿಂಥೆಟಿಕ್ ಎಟಿಎಫ್. ಹೆಸರಾಂತ ಕಂಪನಿಗಳೆಲ್ಲ ಇಂಥ ಎಣ್ಣೆ ಮಾರುತ್ತವೆ, ಮತ್ತು ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಇವು ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತವೆ, ಏಕೆಂದರೆ ಆ ಪೆಟ್ಟಿಗೆಗಳು ಸ್ವಭಾವತಃ ಸಹನಶೀಲ. ಆದರೆ ಡಬ್ಬಿಯ ಭಾಷೆಯನ್ನು ಓದಲು ಕಲಿಯಬೇಕು. ತಯಾರಕರ ಅನುಮೋದನೆ ಪಡೆದಿದೆ ಎಂಬುದು ಒಂದು, ಇಂಥ ಸ್ಪೆಸಿಫಿಕೇಶನ್ನಿನ ಅಗತ್ಯಗಳನ್ನು ಪೂರೈಸುತ್ತದೆ ಎಂಬುದು ಇನ್ನೊಂದು, ಇಂಥ ಕಾರುಗಳಲ್ಲಿ ಬಳಸಲು ಸೂಕ್ತ ಎಂಬುದು ಮತ್ತೊಂದು. ಮೊದಲನೆಯದರಲ್ಲಿ ಕಾರು ಕಂಪನಿಯ ಜವಾಬ್ದಾರಿಯಿದೆ; ಕೊನೆಯ ಎರಡರಲ್ಲಿ ಇರುವುದು ಎಣ್ಣೆ ಕಂಪನಿಯ ಮಾತು ಮಾತ್ರ. ಎಸ್‌ಪಿ-3ರಿಂದ ಡಬ್ಲ್ಯುಎಸ್‌ವರೆಗೆ, ದಪ್ಪ ಮತ್ತು ತೆಳು ಎರಡೂ ಬಗೆಯ ಎಣ್ಣೆಗೆ ತಾನೊಂದೇ ಸಾಕು ಎನ್ನುವ ಡಬ್ಬಿ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡಿರಲೇಬೇಕು.

ನಮ್ಮ ಮನೆಯ ಹಳೆಯ ನಾಲ್ಕು ಗೇರಿನ ಕಾರಿಗೆ ಒಮ್ಮೆ ಒಂದು ಗ್ಯಾರೇಜಿನಲ್ಲಿ ಎಣ್ಣೆ ಬದಲಿಸಿಕೊಟ್ಟರು. ಬಿಲ್ಲಿನಲ್ಲಿ ಸಿಂಥೆಟಿಕ್ ಎಟಿಎಫ್ ಎಂದಷ್ಟೇ ಇತ್ತು, ಬ್ರ್ಯಾಂಡ್ ಇಲ್ಲ, ಸ್ಪೆಸಿಫಿಕೇಶನ್ ಇಲ್ಲ. ಮೊದಲ ವಾರ ಗೇರು ಬೆಣ್ಣೆಯಂತೆ ಬೀಳುತ್ತಿದ್ದವು, ನಾವೂ ಸಂತೋಷಪಟ್ಟೆವು. ಎರಡು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ 50–60ರ ವೇಗದಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಾಗ ಅದುರು ಶುರುವಾಯಿತು. ಮೆಕ್ಯಾನಿಕ್ ಎಂಜಿನ್ ಮೌಂಟು ನೋಡಿದರು, ಸ್ಪಾರ್ಕ್ ಪ್ಲಗ್ಗು ನೋಡಿದರು. ಕೊನೆಗೆ ಮ್ಯಾನ್ಯುಯಲ್ಲಿನಲ್ಲಿದ್ದ ಎಣ್ಣೆಯನ್ನೇ ತಂದು ಕೆಲವು ವಾರಗಳ ಅಂತರದಲ್ಲಿ ಮೂರು ಸಲ ಬಸಿದು ತುಂಬಿಸಿದ ಮೇಲೆ ಅದುರು ಕ್ರಮೇಣ ನಿಂತಿತು. ಅಂದಿನಿಂದ ಎಣ್ಣೆಯ ಡಬ್ಬಿಯನ್ನು ನಾನೇ ಕೊಂಡು ಕೊಡುತ್ತೇನೆ, ಖಾಲಿ ಡಬ್ಬಿಯನ್ನು ಮನೆಗೆ ತರುತ್ತೇನೆ.

ಮೂರರಲ್ಲಿ ನನ್ನ ಆಯ್ಕೆಯ ಕ್ರಮ ಹೀಗಿದೆ: ತಯಾರಕರು ಹಿಂದಿನದಕ್ಕೂ ಹೊಂದುವ ಹೊಸ ಎಣ್ಣೆ ಕೊಟ್ಟಿದ್ದರೆ ಎರಡನೆಯ ದಾರಿ, ಇಲ್ಲದಿದ್ದರೆ, ನಿಮ್ಮ ಹಳೆಯ ಸ್ಪೆಸಿಫಿಕೇಶನ್ನನ್ನು ಹೆಸರಿಟ್ಟು ಹೇಳುವ, ಅದೇ ದಪ್ಪದ ಸಿಂಥೆಟಿಕ್ ಸಿಕ್ಕಿದರೆ ಮೂರನೆಯದು, ಅದೂ ಇಲ್ಲವಾದರೆ ಮೊದಲನೆಯದರಲ್ಲೇ ಇದ್ದುಕೊಂಡು ಬದಲಿಸುವ ಅವಧಿಯನ್ನು ಕಡಿಮೆ ಮಾಡುವುದು. ಮೊದಲನೆಯದನ್ನು ಆರಿಸಿಕೊಂಡವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಾಗಿಲ್ಲ. ಸಮಯಕ್ಕೆ ಸರಿಯಾಗಿ ಬದಲಿಸಿದ ಸಾಧಾರಣ ಎಣ್ಣೆ, ಬದಲಿಸದೆ ಬಿಟ್ಟ ಅತ್ಯುತ್ತಮ ಎಣ್ಣೆಗಿಂತ ಗೇರ್‌ಬಾಕ್ಸನ್ನು ಚೆನ್ನಾಗಿ ಕಾಯುತ್ತದೆ. ವಾರಂಟಿಯಲ್ಲಿರುವ ಕಾರಿಗಂತೂ ಕಂಪನಿಯ ಡಬ್ಬಿಯಲ್ಲದೆ ಬೇರೆ ಯೋಚನೆಯೇ ಬೇಡ.

ಸಿಂಥೆಟಿಕ್‌ನ ಲಾಭ ನಮ್ಮ ರಸ್ತೆಗಳಲ್ಲಿ ಎಷ್ಟು

ಸಿಂಥೆಟಿಕ್ ಎಣ್ಣೆಯ ಎರಡು ಮುಖ್ಯ ಗುಣಗಳು ಕೊರೆಯುವ ಚಳಿಯಲ್ಲಿ ಹರಿಯುವುದು ಮತ್ತು ಬಿಸಿಯಲ್ಲಿ ಹಳಸದಿರುವುದು. ಮೊದಲನೆಯದು ಕರ್ನಾಟಕದಲ್ಲಿ ನಮಗೆ ಬೇಕಾಗಿಯೇ ಇಲ್ಲ. ಡೆಕ್ಸ್‌ರಾನ್ ಪರೀಕ್ಷೆಗಳು ಎಣ್ಣೆ ಎಷ್ಟು ಗಟ್ಟಿಯಾಗುತ್ತದೆಂದು ಅಳೆಯುವುದು ಮೈನಸ್ 40 ಡಿಗ್ರಿಯಲ್ಲಿ. ಬೀದರಿನ ಡಿಸೆಂಬರ್ ಮುಂಜಾನೆಗೂ ಅದಕ್ಕೂ ಹೋಲಿಕೆಯಿಲ್ಲ. ಮಿನ್ನೆಸೋಟದಲ್ಲೋ ಕೆನಡಾದಲ್ಲೋ ನೆಲೆಸಿ ಮನೆಯ ಹೊರಗೆ ಕಾರು ನಿಲ್ಲಿಸುವ ಕನ್ನಡಿಗರಿಗೆ ಈ ಒಂದು ಕಾರಣಕ್ಕೇ ಸಿಂಥೆಟಿಕ್ ತಕ್ಕ ಆಯ್ಕೆಯಾಗುತ್ತದೆ, ಏಕೆಂದರೆ ಬೆಳಿಗ್ಗೆ ಮೊದಲ ಗೇರು ಬೀಳಲು ತಡವಾಗುವುದು ಅಲ್ಲಿ ನಿತ್ಯದ ಅನುಭವ.

ನಮಗೆ ಬೇಕಾದದ್ದು ಎರಡನೆಯ ಗುಣ. ಎಟಿಎಫ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕಿಂತ ಸುಮಾರು 10 ಡಿಗ್ರಿ ಏರಿದರೆ ಎಣ್ಣೆ ಆಮ್ಲಜನಕದೊಂದಿಗೆ ಸೇರಿ ಹಳಸುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆಯಲ್ಲಿ ಡ್ರೈವ್‌ನಲ್ಲಿಟ್ಟು ಬ್ರೇಕ್ ಒತ್ತಿಕೊಂಡು ನಿಂತಾಗ ಎಂಜಿನ್ ತಿರುಗುತ್ತಲೇ ಇರುತ್ತದೆ, ಚಕ್ರ ತಿರುಗುವುದಿಲ್ಲ; ನಡುವಿನ ವ್ಯತ್ಯಾಸವೆಲ್ಲ ಟಾರ್ಕ್ ಕನ್ವರ್ಟರಿನ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ, ತಣಿಸಲು ಎದುರುಗಾಳಿಯೂ ಇರುವುದಿಲ್ಲ. ಶಿರಾಡಿ ಘಾಟಿಯನ್ನು ತುಂಬಿದ ಕಾರಿನಲ್ಲಿ ಹತ್ತುವಾಗಲೂ, ರಾಯಚೂರು ಕಲಬುರಗಿಗಳ ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿನಲ್ಲಿಯೂ ಹೀಗೆಯೇ. ಮ್ಯಾನ್ಯುಯಲ್ಲುಗಳಲ್ಲಿ ಕಠಿಣ ಬಳಕೆ ಎಂಬ ಶೀರ್ಷಿಕೆಯ ಕೆಳಗೆ ಕೊಡುವ ಕಡಿಮೆ ಅವಧಿ ಬೇರೆ ಯಾರಿಗೋ ಬರೆದದ್ದೆಂದು ಬಿಟ್ಟುಬಿಡಬೇಡಿ; ಬೆಂಗಳೂರಿನ ದಿನನಿತ್ಯದ ಓಡಾಟವೇ ಕಠಿಣ ಬಳಕೆ. ಊರೊಳಗಿನ ಟ್ರಾಫಿಕ್ಕಿನಲ್ಲೇ ಓಡುವ ಕಾರಿಗೆ ಸಿಂಥೆಟಿಕ್ ನಿಜವಾಗಿ ಉಪಕರಿಸುತ್ತದೆ, ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡುವ ಕಾರಿಗೆ ಅಷ್ಟು ಅಲ್ಲ.

ಹಾಗಾದರೆ ಬಿಸಿ ಊರಿಗೆ ಸಿಂಥೆಟಿಕ್ಕೇ ಸದಾ ಮೇಲು ಎಂದು ತೀರ್ಮಾನಿಸಬಹುದೇ? ಮೇಲೆ ಹೇಳಿದ ಒಣ ಕ್ಲಚ್ಚಿನ ಡಿಎಸ್‌ಜಿಯ ಪಾಠ ಇರುವುದು ಇಲ್ಲೇ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಏಳು ಗೇರಿನ ಒಣ ಡಿಎಸ್‌ಜಿ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನ ಹಲವೆಡೆ ಹಿಂದಕ್ಕೆ ಕರೆಸಿ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆಯನ್ನು ತೆಗೆದು ಮಿನರಲ್ ಎಣ್ಣೆ ತುಂಬಿಸಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ದಟ್ಟಣೆಯಲ್ಲಿ, ಆ ಸಿಂಥೆಟಿಕ್ ಎಣ್ಣೆಯಿಂದ ಗೇರ್‌ಬಾಕ್ಸಿನ ವಿದ್ಯುತ್ ಭಾಗಗಳಲ್ಲಿ ದೋಷ ಕಾಣಿಸಿಕೊಳ್ಳಬಹುದು ಎಂಬುದು ಕಾರಣ. ಎಣ್ಣೆ ಜಾರುವುದರಲ್ಲಿ ಕಡಿಮೆಯಿರಲಿಲ್ಲ, ಬಿಸಿ ತಾಳುವುದರಲ್ಲಿಯೂ ಇರಲಿಲ್ಲ. ಆ ಪೆಟ್ಟಿಗೆಯೊಳಗಿದ್ದ ಇತರ ವಸ್ತುಗಳೊಂದಿಗೆ ಅದು ಹೊಂದಲಿಲ್ಲ, ಅಷ್ಟೇ. ಗೇರ್‌ಬಾಕ್ಸ್ ರೂಪಿಸಿದ ಎಂಜಿನಿಯರುಗಳೇ ಎಣ್ಣೆಯನ್ನು ಹಿಂದಕ್ಕೆ ಬದಲಿಸಬೇಕಾಗಿ ಬಂದ ಈ ಘಟನೆ ತಿಳಿದವರು, ಸಿಂಥೆಟಿಕ್ ಹಾಕಿದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಹೇಳಲಾರರು.

ಹಣದ ಲೆಕ್ಕ

ಸಿಂಥೆಟಿಕ್ ಹೆಚ್ಚು ಕಾಲ ಬಾಳುವುದರಿಂದ ಕೊನೆಗೆ ಅಗ್ಗವಾಗುತ್ತದೆ ಎಂಬ ಮಾತನ್ನು ಲೆಕ್ಕ ಹಾಕಿ ನೋಡಿ. ಮಿನರಲ್ ಲೀಟರಿಗೆ 500 ರೂಪಾಯಿ, ಸಿಂಥೆಟಿಕ್ 1,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪ್ರತಿ ಬದಲಾವಣೆಗೆ ಒಟ್ಟು 9 ಲೀಟರ್ ಬೇಕು, ಮಿನರಲ್ಲನ್ನು 40,000 ಕಿಲೋಮೀಟರಿಗೆ, ಸಿಂಥೆಟಿಕ್ಕನ್ನು 60,000ಕ್ಕೆ ಬದಲಿಸುತ್ತೀರಿ. 1,20,000 ಕಿಲೋಮೀಟರಿನಲ್ಲಿ ಮಿನರಲ್ ಮೂರು ಬದಲಾವಣೆಗೆ 13,500 ರೂಪಾಯಿ, ಸಿಂಥೆಟಿಕ್ ಎರಡಕ್ಕೆ 18,000 ರೂಪಾಯಿ. ಒಂದು ಬದಲಾವಣೆಯ ಕೂಲಿ 4,500 ರೂಪಾಯಿ ದಾಟಿದರೆ ಮಾತ್ರ ಸಿಂಥೆಟಿಕ್ ಅಗ್ಗವಾಗುತ್ತದೆ. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ. ಉಳಿತಾಯಕ್ಕಾಗಿ ಸಿಂಥೆಟಿಕ್ ಆರಿಸಿಕೊಳ್ಳುವವರು ನಿರಾಶರಾಗಬಹುದು. ಅದನ್ನು ಆರಿಸಿಕೊಳ್ಳಬೇಕಾದದ್ದು ಅತಿ ಬಿಸಿಯ ದಿನ ಗೇರ್‌ಬಾಕ್ಸಿಗೆ ಸಿಗುವ ಹೆಚ್ಚುವರಿ ರಕ್ಷಣೆಗಾಗಿ.

ಬಸಿದು ತುಂಬುವುದೋ, ಯಂತ್ರದಿಂದ ಪೂರ್ತಿ ಬದಲಿಸುವುದೋ

ಎಣ್ಣೆ ಯಾವುದೆಂದು ತೀರ್ಮಾನವಾದ ಮೇಲೆ ವಿಧಾನದ ಪ್ರಶ್ನೆ. ಒಟ್ಟು 7 ಲೀಟರ್ ಹಿಡಿಯುವ ಪೆಟ್ಟಿಗೆಯಿಂದ ಡ್ರೈನ್ ಬೋಲ್ಟಿನ ಮೂಲಕ 3 ಲೀಟರ್ ಬರುತ್ತದೆಂದು ಇಟ್ಟುಕೊಂಡರೆ, ಒಮ್ಮೆ ಬಸಿದು ತುಂಬಿದಾಗ ಒಳಗಿರುವ ಹೊಸ ಎಣ್ಣೆ 43 ಪ್ರತಿಶತ ಮಾತ್ರ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಸಿದು ತುಂಬಿದರೆ 67, ಮೂರನೆಯ ಬಾರಿಗೆ 81 ಪ್ರತಿಶತ. ಸಿಂಥೆಟಿಕ್ ಹಾಕಿಸಿದೆ ಎಂದು ಹೇಳಿಕೊಳ್ಳುವವರ ಗೇರ್‌ಬಾಕ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯ ಮಿನರಲ್ ಎಣ್ಣೆಯೇ ಇರುವುದುಂಟು. ಅವೆರಡೂ ಬೆರೆತರೆ ಕೆಡುವುದಿಲ್ಲ, ಮಿನರಲ್ ಮತ್ತು ಪಿಎಒ ಒಂದರಲ್ಲೊಂದು ಕರಗುತ್ತವೆ. ಆದರೆ ಸಿಂಥೆಟಿಕ್‌ನ ಪೂರ್ಣ ಅವಧಿಯನ್ನು ಆ ಬೆರಕೆಯಿಂದ ನಿರೀಕ್ಷಿಸಬಾರದು.

ಕೂಲರ್ ಕೊಳವೆಗೆ ಯಂತ್ರ ಜೋಡಿಸಿ, ಗೇರ್‌ಬಾಕ್ಸಿನ ಸ್ವಂತ ಪಂಪಿನ ಹರಿವಿನಿಂದಲೇ ಹಳೆಯದನ್ನು ಹೊರತೆಗೆದು ಹೊಸದನ್ನು ಸೇರಿಸುವ ವಿಧಾನದಲ್ಲಿ ಹೆಚ್ಚುಕಡಿಮೆ ಪೂರ್ತಿ ಬದಲಾಗುತ್ತದೆ. ಸರಿಯಾದ ಕಾಲಕ್ಕೆ ಎಣ್ಣೆ ಬದಲಿಸುತ್ತ ಬಂದ ಕಾರಿಗೆ ಇದು ಒಳ್ಳೆಯದು. ಹೊರಗಿನ ಒತ್ತಡದಿಂದ ದ್ರಾವಕ ಹಾಯಿಸಿ ತೊಳೆಯುವ ವಿಧಾನವನ್ನು ಮಾತ್ರ ಯಾವ ಕಾರಿಗೂ ನಾನು ಒಪ್ಪುವುದಿಲ್ಲ. ತಳದಲ್ಲಿ ಕುಳಿತ ಕೊಳೆ ವಾಲ್ವ್ ಬಾಡಿಯ ಕೂದಲೆಳೆಯ ಸಂದುಗಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಪ್ಯಾನ್ ಬಿಚ್ಚಲು ಬರುವ ಪೆಟ್ಟಿಗೆಯಾದರೆ ಬಿಚ್ಚಿಸಿ, ಫಿಲ್ಟರ್ ಬದಲಿಸಿ, ಒಳಗಿನ ಮ್ಯಾಗ್ನೆಟ್ಟನ್ನು ಒರೆಸಿಸಿ. ಮ್ಯಾಗ್ನೆಟ್ಟಿನ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಎಣ್ಣೆ ಬದಲಾಯಿಸಿ ಪ್ರಯೋಜನವಿಲ್ಲ.

ಲಕ್ಷ ದಾಟಿದ, ಒಮ್ಮೆಯೂ ಬದಲಿಸದ ಕಾರು

ಎಣ್ಣೆ ಬದಲಿಸಿದ ಮೇಲೆಯೇ ಗೇರ್‌ಬಾಕ್ಸ್ ಕೆಟ್ಟಿತು ಎಂದು ಹೇಳುವವರು ಅನೇಕರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬಹುಪಾಲು ಇಂಥ ಪ್ರಕರಣಗಳಲ್ಲಿ ಕ್ಲಚ್ ಆಗಲೇ ಜಾರತೊಡಗಿತ್ತು, ಅದಕ್ಕೇ ಎಣ್ಣೆ ಬದಲಿಸಲು ಹೋಗಿದ್ದರು. ಹಳೆಯ ಎಣ್ಣೆಯಲ್ಲಿ ತೇಲುತ್ತಿದ್ದ ಕ್ಲಚ್ಚಿನ ಪುಡಿಯೇ ಸವೆದ ಪ್ಲೇಟಿಗೆ ಅಷ್ಟಿಷ್ಟು ಹಿಡಿತ ಕೊಡುತ್ತಿತ್ತು, ಹೊಸ ಎಣ್ಣೆ ಬಂದಾಗ ಅದೂ ಹೋಯಿತು. ಆದ್ದರಿಂದ ಮೊದಲು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಕಂದು ಬಣ್ಣ ತಿರುಗಿದ್ದು ಸುಟ್ಟ ವಾಸನೆ ಇಲ್ಲದಿದ್ದರೆ, ಗೇರುಗಳು ಜಾರದಿದ್ದರೆ, ಒಂದೇ ಸಲ ಪೂರ್ತಿ ಬದಲಿಸದೆ, ಮೂಲ ಸ್ಪೆಸಿಫಿಕೇಶನ್ನಿನ ಎಣ್ಣೆಯಲ್ಲೇ ಸಾವಿರ ಸಾವಿರ ಕಿಲೋಮೀಟರಿಗೊಮ್ಮೆ ಎರಡು ಮೂರು ಸಲ ಬಸಿದು ತುಂಬಿಸಿ. ಸಿಂಥೆಟಿಕ್ ಯೋಚನೆಯನ್ನು ಅದರ ಮುಂದಿನ ಬದಲಾವಣೆಗೆ ಇಟ್ಟುಕೊಳ್ಳಿ. ಕಪ್ಪಾಗಿ ಸುಟ್ಟ ನಾತ ಬರುತ್ತಿದ್ದರೆ ಆಟೋಮ್ಯಾಟಿಕ್ ತಿಳಿದ ಮೆಕ್ಯಾನಿಕ್‌ಗೆ ತೋರಿಸಬೇಕು. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲಂಟ್ ಬೆರೆತಿದೆ ಎಂದರ್ಥ. ಆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು.

ಜೀವಾವಧಿ ಎಣ್ಣೆ, ಬದಲಿಸಬೇಕಾಗಿಲ್ಲ ಎಂದು ಬರೆದಿರುವ ಕಾರುಗಳವರೂ ಇದನ್ನು ಓದಬೇಕು. ಹಲವು ಐಷಾರಾಮಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ, ಕಾರು ಕಂಪನಿಗಳು ಏನೇ ಬರೆದಿದ್ದರೂ, 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಲು ಹೇಳುತ್ತದೆ. ಆ ಎಣ್ಣೆ ಸಿಂಥೆಟಿಕ್ಕೇ.

ಕೊನೆಯದಾಗಿ ಮಟ್ಟದ ವಿಷಯ, ಏಕೆಂದರೆ ಒಳ್ಳೆಯ ಎಣ್ಣೆ ಕೊಂಡವರೂ ಇಲ್ಲಿ ಸೋಲುತ್ತಾರೆ. ಎಣ್ಣೆ ಬಿಸಿಯಾದಾಗ ಹಿಗ್ಗುತ್ತದೆ. 7 ಲೀಟರ್ ಎಣ್ಣೆ 50 ಡಿಗ್ರಿ ಏರಿದರೆ ಸುಮಾರು ಕಾಲು ಲೀಟರ್ ಹೆಚ್ಚಾಗಿ ಕಾಣುತ್ತದೆ. ಡಿಪ್‌ಸ್ಟಿಕ್ ಇರುವ ಹಳೆಯ ಕಾರುಗಳಲ್ಲಿ ಎಣ್ಣೆ ಬಿಸಿಯಿರುವಾಗ ಮ್ಯಾನ್ಯುಯಲ್ ಹೇಳಿದಂತೆ ಅಳೆಯಬೇಕು, ಕೆಲವು ಕಂಪನಿಗಳು ಎಂಜಿನ್ ಓಡುತ್ತಿರುವಾಗ ಅಳೆಯಲು ಹೇಳಿದರೆ ಕೆಲವು ಆರಿಸಿದ ಕೂಡಲೇ ಅಳೆಯಲು ಹೇಳುತ್ತವೆ. ಡಿಪ್‌ಸ್ಟಿಕ್ ಇಲ್ಲದ ಪೆಟ್ಟಿಗೆಗಳಲ್ಲಿ ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಂತೆಯೇ, ಸ್ಕ್ಯಾನರಿನಲ್ಲಿ ಎಣ್ಣೆಯ ಉಷ್ಣತೆ ನೋಡಿಕೊಂಡು, ಅನೇಕ ಕಾರುಗಳಲ್ಲಿ 35ರಿಂದ 50 ಡಿಗ್ರಿಯ ನಡುವೆ, ಓವರ್‌ಫ್ಲೋ ಬೋಲ್ಟು ತೆಗೆದು ಎಣ್ಣೆ ಸಣ್ಣ ಧಾರೆಯಾಗಿ ಇಳಿಯುವವರೆಗೆ ಕಾಯಬೇಕು. ನೀವು ಆರಿಸಿಕೊಂಡ ಗ್ಯಾರೇಜಿಗೆ ಸ್ಕ್ಯಾನರ್ ಇಲ್ಲವಾದರೆ, ಅಥವಾ ಎಷ್ಟು ಬಂತೋ ಅಷ್ಟು ಹಾಕಿದರಾಯಿತು ಎನ್ನುವುದಾದರೆ, ಡಬ್ಬಿಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಬೇರೆ ಗ್ಯಾರೇಜಿಗೆ ಹೋಗಿ. ಕೆಲಸ ಮುಗಿದ ಮೇಲೆ ಎಣ್ಣೆಯ ಪೂರ್ತಿ ಹೆಸರು, ಸ್ಪೆಸಿಫಿಕೇಶನ್, ಹಾಕಿದ ಲೀಟರ್, ಕಿಲೋಮೀಟರ್ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ, ಮುಂದಿನ ಸಲ ಎಣ್ಣೆ ಬದಲಿಸುವವರಿಗೆ ಅದು ಕಾಣುವಂತಿರಲಿ.